ನದಿಯ ಪಾಲಿನ ನೆಲ

ಮಳೆಗಾಲವು ಬಂದಿತೆಂದರೆ ನಮ್ಮ ನಾಡಿನಲ್ಲಿ ಒಂದು ಸಂಪ್ರದಾಯವು ತಪ್ಪದೆ ನಡೆದುಬರುತ್ತದೆ. ಸಹ್ಯಾದ್ರಿಯಲ್ಲಿ ಹಗಲಿರುಳು ಮಳೆ ಸುರಿಯುತ್ತದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಭೀಮೆಗಳು ದಂಡೆ ಮೀರುತ್ತವೆ. ತೀರದ ಊರುಗಳ ಜನರು ದನಕರುಗಳನ್ನು ಹೊಡೆದುಕೊಂಡು ಎತ್ತರದ ಸ್ಥಳಗಳನ್ನು ಸೇರುತ್ತಾರೆ. ಗಂಜಿ ಕೇಂದ್ರಗಳು ತೆರೆಯುತ್ತವೆ. ಮಂತ್ರಿಗಳು ಬಂದು ಮುಳುಗಿದ ಹೊಲಗಳನ್ನು ನೋಡಿ, ಸಂತಾಪವನ್ನು ಸೂಚಿಸಿ, ಪರಿಹಾರವನ್ನು ಸಾರಿ ಹಿಂದಿರುಗುತ್ತಾರೆ. ನೀರು ಇಳಿದ ಮೇಲೆ ಬಿದ್ದ ಗೋಡೆಯು ಬಿದ್ದ ಸ್ಥಳದಲ್ಲಿಯೇ ಮತ್ತೆ ಏಳುತ್ತದೆ. ದೀಪಾವಳಿಯ ಹೊತ್ತಿಗೆ ನೆರೆಯ ಮಾತು ಕಚೇರಿಯ ಕಡತಗಳಲ್ಲಿ ಮಾತ್ರ ಉಳಿದಿರುತ್ತದೆ. 2009ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಿನಲ್ಲಿಯೂ ಉತ್ತರ ಕರ್ನಾಟಕವನ್ನು ಹೊಕ್ಕ ಮಹಾಪೂರವು ಇನ್ನೂರಕ್ಕೂ ಮಿಕ್ಕಿದ ಜೀವಗಳನ್ನು ಬಲಿ ತೆಗೆದುಕೊಂಡಿತು. ಹತ್ತು ವರ್ಷಗಳ ತರುವಾಯ, 2019ರ ಆಗಸ್ಟಿನಲ್ಲಿ, ರಾಜ್ಯದ 22 ಜಿಲ್ಲೆಗಳು ನೆರೆಗೆ ತುತ್ತಾದವು. ಈ ಎರಡರ ನಡುವಣ ಹತ್ತು ವರ್ಷಗಳಲ್ಲಿ ನಾವು ಕಲಿತುದೇನು ಎಂದು ಯಾರಾದರೂ ಕೇಳಿದರೆ ಉತ್ತರವನ್ನು ಹೇಳಲು ನಾಲಗೆ ಏಳುವುದಿಲ್ಲ.

ನೆರೆಯನ್ನು ದೈವದ ಕೋಪವೆಂದು ಬಗೆದು ಕೈಕಟ್ಟಿ ಕುಳಿತುಕೊಳ್ಳುವವರು ಕೆಲವರು; ಇನ್ನೊಂದು ಅಣೆಕಟ್ಟನ್ನೋ ಇನ್ನಷ್ಟು ಎತ್ತರದ ಒಡ್ಡನ್ನೋ ಕಟ್ಟಿಬಿಟ್ಟರೆ ಎಲ್ಲವೂ ತೀರಿತೆಂದು ನಂಬುವವರು ಮತ್ತೆ ಕೆಲವರು. ಈ ಎರಡು ಪಕ್ಷಗಳೂ ಒಂದು ಮಾತನ್ನು ಮರೆಯುತ್ತವೆ. ನದಿಯೆಂದರೆ ಬೇಸಗೆಯಲ್ಲಿ ನೀರು ಹರಿಯುವ ಪಾತ್ರವಷ್ಟೇ ಅಲ್ಲ. ಹತ್ತಾರು ವರ್ಷಗಳಿಗೊಮ್ಮೆ ಅದು ಉಕ್ಕಿ ಹರಡುವ ಬಯಲೂ ಅದರದೇ. ಆ ನೆರೆಬಯಲನ್ನು ಯಾರು, ಯಾವುದಕ್ಕಾಗಿ, ಯಾವ ನಿಬಂಧನೆಗಳಿಗೆ ಒಳಪಟ್ಟು ಬಳಸತಕ್ಕದ್ದು ಎಂಬುದನ್ನು ಗೊತ್ತುಪಡಿಸದೆ ಯಾವ ಕಟ್ಟಡದಿಂದಲೂ ನೆರೆಯ ನಿವಾರಣೆಯಾಗದು. ಈ ಮಾತು ಬರಿಯ ತತ್ತ್ವವಲ್ಲ. ನೂರು ವರ್ಷಗಳಿಗೂ ಹಿಂದೆ ಒಂದು ಇಂಜಿನಿಯರಿಂಗ್ ಕಂಪೆನಿಯು ಇದನ್ನು ಕಾರ್ಯರೂಪಕ್ಕೆ ತಂದು ತೋರಿಸಿತು. ಆ ಕಂಪೆನಿಯ ಅನುಭವವನ್ನು ನಮ್ಮ ಅಧಿಕಾರಿ ವರ್ಗದವರೂ ಶಾಸನಸಭೆಯ ಸದಸ್ಯರೂ ಒಮ್ಮೆ ಪರಾಮರ್ಶಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಒಹಾಯೋ ಎಂಬುದೊಂದು ಸಂಸ್ಥಾನ. ಅಲ್ಲಿಯ ಡೇಟನ್ ನಗರವು 1796ರಲ್ಲಿ ಗ್ರೇಟ್ ಮಯಾಮಿ ನದಿಯ ದಂಡೆಯ ಮೇಲೆ ಹುಟ್ಟಿತು. ಸ್ಟಿಲ್‌ವಾಟರ್, ಮ್ಯಾಡ್ ಎಂಬ ನದಿಗಳೂ ವುಲ್ಫ್ ಎಂಬ ಹಳ್ಳವೂ ಆ ನಗರದಲ್ಲಿಯೇ ದೊಡ್ಡ ಹೊಳೆಯನ್ನು ಕೂಡುತ್ತವೆ. ನಾಲ್ಕು ನೀರುಗಳ ಸಂಗಮದಲ್ಲಿ ಪೇಟೆಯನ್ನು ಕಟ್ಟಿದರೆ ಏನಾಗುವುದೆಂಬುದು ಆ ಜನರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. 1805, 1828, 1847, 1866, 1898ರಲ್ಲಿ ನೆರೆಗಳು ಬಂದುಹೋಗಿದ್ದವು. ಪ್ರತಿ ಸಲವೂ ಒಡ್ಡನ್ನು ಇಷ್ಟು ಎತ್ತರಿಸಿ, ಇನ್ನು ಭಯವಿಲ್ಲವೆಂದು ಹೇಳಿಕೊಂಡು, ಒಡ್ಡಿನ ನೆರಳಿನಲ್ಲಿಯೇ ಹೊಸ ಮನೆಗಳನ್ನೂ ಕಾರ್ಖಾನೆಗಳನ್ನೂ ಕಟ್ಟಿದರು. 1913ರ ಮಾರ್ಚ್ 23ರಂದು, ಈಸ್ಟರ್ ಹಬ್ಬದ ದಿನ, ಮಳೆ ಹಿಡಿಯಿತು. ಮೊದಲೇ ನೀರುಂಡು ತಣಿದಿದ್ದ ನೆಲವು ಹೊಸ ನೀರನ್ನು ಕುಡಿಯಲಾರದೆ ಹೊಳೆಗೆ ಬಿಟ್ಟುಕೊಟ್ಟಿತು. 25ರ ಬೆಳಿಗ್ಗೆ ನೀರು ಒಡ್ಡುಗಳನ್ನು ಹಾಯ್ದು ನಗರದೊಳಕ್ಕೆ ನುಗ್ಗಿತು. ಪೇಟೆಯ ಬೀದಿಗಳಲ್ಲಿ ಕೆಲವೆಡೆ ಇಪ್ಪತ್ತು ಅಡಿಗಳವರೆಗೆ ನೀರು ನಿಂತಿತು. ಜನರು ಅಟ್ಟಗಳನ್ನೇರಿ, ಮಾಡುಗಳನ್ನೇರಿ ದಿನಗಟ್ಟಲೆ ಹಸಿದು ಕುಳಿತರು. ಅನಿಲ ಕೊಳವೆಗಳು ಒಡೆದು ನೀರಿನ ನಡುವೆಯೇ ಬೆಂಕಿಯೂ ಹೊತ್ತಿತು. ಮಯಾಮಿ ಕಣಿವೆಯಲ್ಲಿ 360ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಆಸ್ತಿಯ ಹಾನಿಯು ಆ ಕಾಲದ ಬೆಲೆಯಲ್ಲಿ ಹತ್ತು ಕೋಟಿ ಡಾಲರುಗಳನ್ನು ಮೀರಿತು.

ಇಲ್ಲಿಯವರೆಗಿನ ಕಥೆಯು ನಮ್ಮ ಕಥೆಯೇ ಎಂದು ವಾಚಕರು ಹೇಳಬಹುದು. ವ್ಯತ್ಯಾಸವು ಇನ್ನು ಮುಂದೆ ಕಾಣುತ್ತದೆ. ನೀರು ಇಳಿದ ಎರಡೇ ತಿಂಗಳೊಳಗೆ ಡೇಟನ್ನಿನ ಪೌರರು ತಮ್ಮತಮ್ಮೊಳಗೆ ಚಂದಾ ಎತ್ತಿ ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕ ನಿಧಿಯನ್ನು ಕೂಡಿಸಿದರು. ಅಟ್ಟದ ಮೇಲೆ ಕುಳಿತಿದ್ದಾಗ ಮಾಡಿಕೊಂಡ ಸಂಕಲ್ಪವನ್ನು ಮರೆಯಬೇಡಿರಿ ಎಂಬುದೇ ಆ ನಿಧಿಸಂಗ್ರಹದ ಕರೆಯಾಗಿದ್ದಿತು. ಈ ಹಣವು ಗಂಜಿಗಾಗಿ ಕೂಡಿಸಿದ ಹಣವಲ್ಲ; ಮುಂದೆ ಇಂಥ ನೆರೆ ಬಾರದಂತೆ ಮಾಡುವುದು ಹೇಗೆಂಬುದನ್ನು ಶೋಧಿಸಿ ಕೆಲಸವನ್ನು ಆರಂಭಿಸುವುದಕ್ಕಾಗಿ ಕೂಡಿಸಿದ ಹಣ. ಅದರ ಬಲದಿಂದ ಅವರು ಟೆನ್ನೆಸ್ಸಿಯ ಮೆಂಫಿಸ್ ನಗರದಲ್ಲಿದ್ದ ಮಾರ್ಗನ್ ಇಂಜಿನಿಯರಿಂಗ್ ಕಂಪೆನಿಯನ್ನು ಕರೆಯಿಸಿದರು. ಅದರ ಮುಖ್ಯಸ್ಥರಾದ ಆರ್ಥರ್ ಮಾರ್ಗನ್ನರು 1878ರಲ್ಲಿ ಹುಟ್ಟಿದವರು. ಕಾಲೇಜಿನಿಂದ ಇಂಜಿನಿಯರಿಂಗ್ ಪದವಿಯನ್ನು ಪಡೆದವರಲ್ಲ. ಭೂಮಾಪನ ಮಾಡುತ್ತಿದ್ದ ತಂದೆಯ ಬಳಿ ಕೈಕೆಲಸದಿಂದಲೇ ವಿದ್ಯೆಯನ್ನು ಸಂಪಾದಿಸಿ, ಜೌಗು ನೆಲಗಳ ನೀರನ್ನು ಹೊರಗೆಡಹುವ ಕಾರ್ಯದಲ್ಲಿ ಹೆಸರಾದವರು.

ಕಂಪೆನಿಯು ಬಂದೊಡನೆ ಗುದ್ದಲಿಪೂಜೆ ನಡೆಯಲಿಲ್ಲ. ಊರವರಿಗೆ ಅವಸರವಿದ್ದಿತು, ನದಿಯ ಪಾತ್ರವನ್ನು ಅಗಲಿಸಿ ಆಳಗೊಳಿಸಿದರೆ ಸಾಕೆಂಬುದು ಅನೇಕರ ಮತವಾಗಿದ್ದಿತು. ಅಂಥ ಕೆಲಸವನ್ನು ಒಪ್ಪಿಕೊಂಡು ಬಿಲ್ಲು ಬರೆದು ಹೋಗುವುದು ಯಾವ ಕಂಪೆನಿಗೂ ಸುಲಭವೇ. ಆದರೆ ಮಾರ್ಗನ್ನರು ಮೊದಲು ಕೇಳಿದ ಪ್ರಶ್ನೆಯೇ ಬೇರೆ: 1913ರ ನೆರೆಗಿಂತಲೂ ದೊಡ್ಡ ನೆರೆಯು ಈ ಕಣಿವೆಯಲ್ಲಿ ಬರಬಹುದೇ? ಬರುವುದಾದರೆ ಎಷ್ಟು ದೊಡ್ಡದು? ಇದಕ್ಕೆ ಉತ್ತರವನ್ನು ಹುಡುಕಲು ಅವರ ಸಿಬ್ಬಂದಿಯು ಕಣಿವೆಯನ್ನೆಲ್ಲ ಅಳೆಯಿತು. ಪೂರ್ವ ಅಮೇರಿಕೆಯ ದೊಡ್ಡ ಬಿರುಮಳೆಗಳ ದಾಖಲೆಗಳನ್ನು ಒಟ್ಟುಗೂಡಿಸಿ ಒಂದು ಸಂಪುಟವನ್ನೇ ಪ್ರಕಟಿಸಿತು. ಯುರೋಪಿನ ನದಿಗಳ ಶತಮಾನಗಳ ನೆರೆಯ ಲೆಕ್ಕಗಳನ್ನೂ ತಿರುವಿಹಾಕಿತು. ಕೊನೆಗೆ, 1913ರ ನೆರೆಯು ಎಷ್ಟಿತ್ತೋ ಅದಕ್ಕೆ ನೂರಕ್ಕೆ ನಲವತ್ತರಷ್ಟನ್ನು ಕೂಡಿಸಿ, ಅಷ್ಟು ನೀರನ್ನು ತಾಳಬಲ್ಲ ಯೋಜನೆಯನ್ನೇ ಹಾಕತಕ್ಕದ್ದೆಂದು ನಿರ್ಧರಿಸಿತು. ಅಷ್ಟು ನೀರನ್ನು ಸಾಗಿಸುವ ಕಾಲುವೆಯನ್ನು ನಗರದ ನಡುವೆ ತೋಡಬೇಕಾದರೆ ನಗರವೇ ಉಳಿಯುತ್ತಿರಲಿಲ್ಲ. ಆದಕಾರಣ ನೀರನ್ನು ನಗರದ ಮೇಲ್ಗಡೆಯಲ್ಲಿಯೇ ತಡೆದು, ನಿಧಾನವಾಗಿ ಬಿಡುವ ಉಪಾಯವನ್ನು ಅವರು ಹಿಡಿದರು.

ಈ ಉಪಾಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನಮ್ಮ ಕೆರೆಗಳಿಗೆ ಏರಿಯುಂಟು, ತೂಬುಂಟು, ಕೋಡಿಯುಂಟು. ತೂಬನ್ನು ಮುಚ್ಚಿ ನೀರನ್ನು ನಿಲ್ಲಿಸುತ್ತೇವೆ, ಬೇಕಾದಾಗ ತೆರೆಯುತ್ತೇವೆ, ಹೆಚ್ಚಾದುದು ಕೋಡಿ ಬೀಳುತ್ತದೆ. ಮಾರ್ಗನ್ನರು ಕಟ್ಟಿದ ಐದು ಮಣ್ಣಿನ ಅಣೆಕಟ್ಟುಗಳಿಗೆ ಏರಿಯೂ ಕೋಡಿಯೂ ಇವೆ. ತೂಬಿನ ಸ್ಥಾನದಲ್ಲಿ ತಳಮಟ್ಟದಲ್ಲಿ ಕಾಂಕ್ರೀಟಿನ ದ್ವಾರಗಳಿವೆ. ಆದರೆ ಆ ದ್ವಾರಗಳಿಗೆ ಬಾಗಿಲೇ ಇಲ್ಲ. ವರ್ಷದ ಬಹುಭಾಗ ನದಿಯು ಏನೂ ಆಗಿಲ್ಲವೆಂಬಂತೆ ಆ ದ್ವಾರಗಳ ಮೂಲಕ ಹರಿದುಹೋಗುತ್ತದೆ. ಅಣೆಕಟ್ಟಿನ ಹಿಂದೆ ನೀರೇ ನಿಲ್ಲುವುದಿಲ್ಲ. ಮಹಾಪೂರ ಬಂದಾಗ ಮಾತ್ರ, ಕೆಳಗಿನ ಊರುಗಳ ಪಾತ್ರಗಳು ಹೊರಬಲ್ಲಷ್ಟೇ ನೀರು ದ್ವಾರದಲ್ಲಿ ನುಸುಳಿ, ಉಳಿದುದು ಹಿಂದೆ ತಡೆದು ನಿಂತು, ಕೆಲವು ದಿನಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ನಡುರಾತ್ರಿಯಲ್ಲಿ ಬಾಗಿಲು ತೆರೆಯುವವರಾರು, ಆಜ್ಞೆ ಕೊಡುವವರಾರು, ಆಜ್ಞೆ ತಡವಾದರೆ ಹೊಣೆ ಯಾರು ಎಂಬ ಪ್ರಶ್ನೆಗಳೇ ಅಲ್ಲಿ ಹುಟ್ಟುವುದಿಲ್ಲ. ಫ್ರಾನ್ಸಿನ ಲ್ವಾರ್ ನದಿಗೆ ಹಿಂದಿನ ಕಾಲದಲ್ಲಿ ಕಟ್ಟಿದ್ದ ಇಂಥ ಒಡ್ಡುಗಳು ಅವರಿಗೆ ಮೇಲ್ಪಂಕ್ತಿಯಾಗಿದ್ದವು. ದ್ವಾರದಿಂದ ರಭಸವಾಗಿ ಹೊರಬೀಳುವ ನೀರು ತಳವನ್ನು ಕೊರೆಯದಂತೆ, ಅದು ತನ್ನಷ್ಟಕ್ಕೆ ತಾನೇ ನೆಗೆದು ಕದಡಿ ಶಕ್ತಿಗುಂದುವ ರೀತಿಯನ್ನು ಮಾದರಿಗಳ ಮೇಲೆ ಪ್ರಯೋಗ ಮಾಡಿ ಗೊತ್ತುಹಚ್ಚಿದರು. ಜರ್ಮನ್‌ಟೌನ್, ಎಂಗಲ್‌ವುಡ್, ಲಾಕಿಂಗ್ಟನ್, ಟೇಲರ್ಸ್‌ವಿಲ್, ಹಫ್‌ಮನ್ ಎಂಬ ಈ ಐದು ಅಣೆಕಟ್ಟುಗಳ ಕೆಲಸವು 1918ರಲ್ಲಿ ಆರಂಭವಾಗಿ 1922ರಲ್ಲಿ ಮುಗಿಯಿತು.

ಆದರೆ ಅಣೆಕಟ್ಟುಗಳಿಗಿಂತಲೂ ಹೆಚ್ಚಿನ ಮಹತ್ತ್ವವು ಅವುಗಳ ಹಿಂದಿನ ನೆಲದ ವ್ಯವಸ್ಥೆಗಿದೆ ಎಂದು ನಾವು ತಿಳಿಯುತ್ತೇವೆ. ನೆರೆಯು ನಿಲ್ಲಬಹುದಾದ ಸುಮಾರು 35,000 ಎಕರೆಗಳಷ್ಟು ನೆಲವು ಅಣೆಕಟ್ಟುಗಳ ಮೇಲ್ಗಡೆಯಲ್ಲಿದ್ದಿತು. ಅದನ್ನು ಪಾಳುಗೆಡಹುವ ಅವಶ್ಯಕತೆಯಿರಲಿಲ್ಲ. ಹಾಗೆಂದು ಮನಬಂದಂತೆ ಬಳಸಲೂ ಬಿಡುವಂತಿರಲಿಲ್ಲ. ಆ ನೆಲಕ್ಕೆ ಬೆಲೆ ಕೊಟ್ಟು ಕೊಂಡುಕೊಂಡು, ಇಲ್ಲವೆ ನೆರೆಯನ್ನು ನಿಲ್ಲಿಸುವ ಹಕ್ಕಿಗಷ್ಟೇ ಬೆಲೆ ಕೊಟ್ಟು, ಇಲ್ಲಿ ಬೇಸಾಯ ಮಾಡಬಹುದು, ಆದರೆ ನೆರೆಯ ನೀರಿಗೆ ಅಡ್ಡಿಪಡಿಸಬಾರದು, ವಾಸದ ಮನೆಗಳನ್ನು ಕಟ್ಟಬಾರದು ಎಂಬ ಶಾಶ್ವತ ನಿಬಂಧನೆಯನ್ನು ಕ್ರಯಪತ್ರಗಳಲ್ಲಿಯೇ ಬರೆಯಿಸಿದರು. ಕೊಂಡ ನೆಲವನ್ನು ಆ ನಿಬಂಧನೆಯೊಡನೆ ಮತ್ತೆ ಒಕ್ಕಲಿಗರಿಗೆ ಮಾರಿದರು. ನೆರೆಯು ಬಿಟ್ಟುಹೋಗುವ ಮೆಕ್ಕಲು ಮಣ್ಣಿನಿಂದ ಹೊಲಗಳು ಫಲವತ್ತಾಗಿಯೇ ಉಳಿದವು. ಆಸ್ಬಾರ್ನ್ ಎಂಬ ಊರು ಹಫ್‌ಮನ್ ಅಣೆಕಟ್ಟಿನ ಹಿನ್ನೀರಿನ ನೆಲದಲ್ಲಿದ್ದುದರಿಂದ, ಅಲ್ಲಿಯ ನಾನೂರರಷ್ಟು ಮನೆಗಳನ್ನು ಎತ್ತಿ ಸಾಗಿಸಿ ಕೆಲವು ಮೈಲು ಆಚೆ ಹೊಸದಾಗಿ ಊರನ್ನೇ ಹೂಡಿದರು. ಊರನ್ನು ನದಿಯ ದಾರಿಯಿಂದ ತೆಗೆಯುವುದಾದರೆ ಮನೆಯೊಂದನ್ನು ಮಾತ್ರವಲ್ಲ, ನೆರೆಹೊರೆಯನ್ನೂ ಅಂಗಡಿ ಬೀದಿಯನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಬೇಕೆಂಬ ವಿವೇಕವು ಅದರಲ್ಲಿದ್ದಿತು.

ಇದೆಲ್ಲವೂ ನಗುನಗುತ್ತ ನಡೆಯಿತೆಂದು ಯಾರೂ ಭಾವಿಸಬಾರದು. ಮೇಲಿನ ತಾಲೂಕುಗಳ ರೈತರು ಡೇಟನ್ ಪೇಟೆಯ ಸಾಹುಕಾರರನ್ನು ಉಳಿಸುವುದಕ್ಕಾಗಿ ನಮ್ಮ ಹೊಲಗಳು ಮುಳುಗಬೇಕೇ ಎಂದು ಕೇಳಿದರು. ಅವರ ಪ್ರಶ್ನೆಯು ನ್ಯಾಯವಾದುದೇ ಆಗಿದ್ದಿತು. ಅದಕ್ಕೆ ಉತ್ತರವನ್ನು ಲಾಠಿಯಿಂದಲ್ಲ, ಕಾನೂನಿನಿಂದ ಕೊಡಲಾಯಿತು. ಡೇಟನ್ನಿನ ಪತ್ರಿಕೋದ್ಯಮಿಯೇ ಆಗಿದ್ದ ಗವರ್ನರ್ ಜೇಮ್ಸ್ ಕಾಕ್ಸರ ಆಳಿಕೆಯಲ್ಲಿ, 1914ರಲ್ಲಿ, ಒಹಾಯೋ ಸಂರಕ್ಷಣಾ ಶಾಸನವು ಹೊರಟಿತು. ಅದರ ಮೇರೆಗೆ 1915ರ ಜೂನಿನಲ್ಲಿ ಮಯಾಮಿ ಸಂರಕ್ಷಣಾ ಮಂಡಲವು ಸ್ಥಾಪಿತವಾಯಿತು. ನಗರಸಭೆಗಳ ಮತ್ತು ಜಿಲ್ಲೆಗಳ ಗಡಿಗಳನ್ನು ಲೆಕ್ಕಿಸದೆ, ನದಿಯ ಕಣಿವೆಯನ್ನೇ ಒಂದು ಘಟಕವನ್ನಾಗಿ ಎಣಿಸಿ, ಒಂಬತ್ತು ಕೌಂಟಿಗಳಿಂದ ಒಬ್ಬೊಬ್ಬ ನ್ಯಾಯಾಧೀಶರು ಕೂಡಿದ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಆ ಮಂಡಲವು ಕೆಲಸ ಮಾಡತಕ್ಕದ್ದೆಂದಾಯಿತು. ಕಣಿವೆಯ ಪ್ರತಿಯೊಂದು ಆಸ್ತಿಗೂ ಈ ಯೋಜನೆಯಿಂದ ಆಗುವ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಬೆಲೆಕಟ್ಟಿದರು. ಲಾಭ ಪಡೆಯುವವನು ಲಾಭದ ಪ್ರಮಾಣಕ್ಕನುಸಾರವಾಗಿ ಕರ ತೆರಬೇಕು. ನಷ್ಟ ಹೊಂದುವವನು ಪರಿಹಾರ ಪಡೆಯಬೇಕು. ಆಕ್ಷೇಪವಿದ್ದವನು ನ್ಯಾಯಾಲಯದಲ್ಲಿ ಹೇಳಿಕೊಳ್ಳಬೇಕು. ವಿವಾದವು ಅಮೇರಿಕೆಯ ವರಿಷ್ಠ ನ್ಯಾಯಾಲಯದವರೆಗೂ ಹೋಗಿ, ಅಲ್ಲಿಯೂ ಶಾಸನವು ನಿಂತಿತು. ಮೂರು ಕೋಟಿ ಡಾಲರಿಗೂ ಮಿಕ್ಕ ಈ ಕಾರ್ಯಕ್ಕೆ ಕೇಂದ್ರ ಸರಕಾರದ ಬೊಕ್ಕಸದಿಂದಾಗಲಿ ಸಂಸ್ಥಾನದ ಬೊಕ್ಕಸದಿಂದಾಗಲಿ ಹಣ ಬರಲಿಲ್ಲ. ಕಣಿವೆಯವರೇ ಸಾಲವೆತ್ತಿ ಕಣಿವೆಯವರೇ ತೀರಿಸಿದರು.

ಪರಿಣಾಮವೇನಾಯಿತು? 1922ರಿಂದೀಚೆಗೆ ಆ ಅಣೆಕಟ್ಟುಗಳು ಎರಡು ಸಾವಿರಕ್ಕೂ ಹೆಚ್ಚು ಸಲ ನೆರೆಯ ನೀರನ್ನು ತಡೆದಿವೆ. 1959ರ ಜನವರಿಯಲ್ಲಿ, 1913ರ ತರುವಾಯದ ಅತಿ ದೊಡ್ಡ ನೆರೆ ಬಂದಾಗಲೂ ಡೇಟನ್ ಪೇಟೆಯು ಒಣಗಿಯೇ ಇದ್ದಿತು. ಬರಿದಾಗಿ ಬಿದ್ದಿರುವ ಕಟ್ಟೆಗಳ ಹಿಂದೆ ಒಂದಿಷ್ಟು ನೀರು ನಿಲ್ಲಿಸಿ ವಿದ್ಯುತ್ತನ್ನೋ ವಿಹಾರಸರೋವರವನ್ನೋ ಮಾಡಬಾರದೇಕೆ ಎಂಬ ಆಸೆಗೆ ಅಲ್ಲಿಯವರು ಎಡೆಗೊಡಲಿಲ್ಲ. ನೆರೆಗಾಗಿ ಕಾದಿರಿಸಿದ ಜಾಗವು ನೆರೆ ಬರುವ ದಿನ ಬರಿದಾಗಿರಲೇಬೇಕೆಂಬುದು ಅವರ ವ್ರತ. ಆದರೂ ಅಲ್ಲಿಯ ಕಾರ್ಯವು ಮುಗಿದುಹೋಯಿತೆಂದಲ್ಲ. ಕಟ್ಟೆಗಳು ಮುದಿಯಾಗುತ್ತಿವೆ; ದುರಸ್ತಿಗೆ ಹಣ ಬೇಕು. 2024ರಲ್ಲಿ ಮಂಡಲವು ಕರವನ್ನು ಪುನರ್ನಿರ್ಧರಿಸಲು ಹೊರಟಾಗ ತೆರಿಗೆದಾರರು ಬಲವಾಗಿ ಆಕ್ಷೇಪಿಸಿದರು. ನೆರೆಯನ್ನೇ ಕಾಣದ ತಲೆಮಾರಿಗೆ ನೆರೆಯ ಕರವು ಭಾರವೆನಿಸುವುದು ಸಹಜ. ಅಟ್ಟದ ಮೇಲಿನ ಸಂಕಲ್ಪವನ್ನು ಮೊಮ್ಮಕ್ಕಳವರೆಗೆ ಉಳಿಸಿಕೊಂಡು ಹೋಗುವುದು ಜನರ ನೆನಪಿನಿಂದ ಆಗುವ ಕೆಲಸವಲ್ಲ. ಅದಕ್ಕೆ ಸ್ಥಿರವಾದ ಶಾಸನವೂ ಸಂಸ್ಥೆಯೂ ಬೇಕು.

ಇದು ಶ್ರೀಮಂತ ದೇಶದ ಮಾತು, ನಮಗೆ ಹೊಂದದು ಎಂದು ಹೇಳುವವರಿಗೆ ನಮ್ಮ ದೇಶದ್ದೇ ಉದಾಹರಣೆಯನ್ನು ಕೊಡಬಹುದು. ಡೇಟನ್ನಿನ ನೆರೆಗೆ ಐದು ವರ್ಷ ಮೊದಲು, 1908ರ ಸೆಪ್ಟೆಂಬರ್ 28ರಂದು, ಮೂಸಿ ನದಿಯು ಹೈದರಾಬಾದ್ ನಗರವನ್ನು ಹೊಕ್ಕು ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ನಿಜಾಮರ ಸರಕಾರವು ಆಗ ಕರೆಯಿಸಿದುದು ನಮ್ಮ ನಾಡಿನ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರೂ ಮಾರ್ಗನ್ನರಂತೆ ಮೊದಲು ಮಳೆಯ ಲೆಕ್ಕವನ್ನೇ ಕೇಳಿದರು. ನದಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದುದರಿಂದ ನೆರೆಯು ಇಮ್ಮಡಿಸಿತೆಂಬುದನ್ನು ಗುರುತಿಸಿದರು. ಒಡ್ಡುಗಳನ್ನು ಎತ್ತರಿಸುವುದರಿಂದ ಮಾತ್ರ ಕೆಲಸವಾಗದು, ನಗರದ ಮೇಲ್ಗಡೆಯಲ್ಲಿ ಮೂಸಿ ಮತ್ತು ಈಸಿ ನದಿಗಳಿಗೆ ನೆರೆಯನ್ನು ತಡೆಯುವ ಜಲಾಶಯಗಳನ್ನು ಕಟ್ಟತಕ್ಕದ್ದು, ನಗರದೊಳಗಿನ ದಂಡೆಗಳನ್ನು ಮನೆಗಳಿಗೆ ಬಿಡದೆ ರಸ್ತೆಗಳಿಗೂ ಉದ್ಯಾನಗಳಿಗೂ ಮೀಸಲಿಡತಕ್ಕದ್ದು ಎಂದು 1909ರಲ್ಲಿ ವರದಿಯನ್ನು ಒಪ್ಪಿಸಿದರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಮುಗಿದವು. ಜಗತ್ತಿನ ಎರಡು ಮೂಲೆಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ಇಬ್ಬರು ಇಂಜಿನಿಯರರು ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ನಿರ್ಣಯಕ್ಕೆ ಬಂದರೆಂದರೆ, ಆ ನಿರ್ಣಯವು ಯಾವ ದೇಶದ ಸ್ವತ್ತೂ ಅಲ್ಲ. ನೀರಿನ ಸ್ವಭಾವವೇ ಅದು.

ಆದರೆ ನೆಲದ ವಿಷಯದಲ್ಲಿ ಎರಡು ನಗರಗಳ ದಾರಿಗಳು ಬೇರೆಯಾದವು. ಹೈದರಾಬಾದಿನ ಆ ಎರಡು ಕೆರೆಗಳ ಸುತ್ತಣ ಹತ್ತು ಕಿಲೋಮೀಟರುಗಳೊಳಗೆ ಕಟ್ಟಡಗಳನ್ನು ನಿರ್ಬಂಧಿಸಿ 1996ರಲ್ಲಿ 111ನೆಯ ಸಂಖ್ಯೆಯ ಸರಕಾರಿ ಆದೇಶವು ಹೊರಟಿತು. ಅದರ ವ್ಯಾಪ್ತಿಗೆ 84 ಗ್ರಾಮಗಳು ಒಳಪಟ್ಟವು. ನಗರವು ಬೆಳೆದಂತೆಲ್ಲ ಹೊರಗಿನ ನೆಲಕ್ಕೆ ಬಂಗಾರದ ಬೆಲೆ ಬಂದಿತು. ಒಳಗಿನ ರೈತನು ನನ್ನ ನೆಲಕ್ಕೇಕೆ ಬೆಲೆಯಿಲ್ಲವೆಂದು ಕೇಳಿದನು. ಅವನಿಗೆ ಡೇಟನ್ನಿನ ರೈತನಿಗೆ ದೊರೆತಂತೆ ನಿರ್ಬಂಧದ ಬೆಲೆಯು ದೊರೆತಿರಲಿಲ್ಲ. 2022ರ ಏಪ್ರಿಲಿನಲ್ಲಿ ತೆಲಂಗಾಣ ಸರಕಾರವು ಆ ನಿರ್ಬಂಧಗಳನ್ನು ತೆಗೆದುಹಾಕುವ ಆದೇಶವನ್ನು ಹೊರಡಿಸಿತು. ನಗರದೊಳಗೂ ಕೆರೆಗಳ ಅಂಗಳಗಳೂ ನಾಲೆಗಳೂ ಮನೆಗಳಿಂದ ತುಂಬಿಹೋದುದರ ಫಲವನ್ನು 2020ರ ಅಕ್ಟೋಬರಿನ ಮಳೆಯು ತೋರಿಸಿಕೊಟ್ಟಿತ್ತು. ಇಲ್ಲಿಂದ ಕಲಿಯತಕ್ಕ ಪಾಠವು ಸ್ಪಷ್ಟವಾಗಿದೆ. ಬರಿಯ ನಿಷೇಧವು ನಿಲ್ಲುವುದಿಲ್ಲ. ಸಾರ್ವಜನಿಕರ ಕ್ಷೇಮಕ್ಕಾಗಿ ಒಬ್ಬನ ನೆಲದ ಮೇಲೆ ನಿರ್ಬಂಧವನ್ನು ಹೇರುವುದಾದರೆ ಸಾರ್ವಜನಿಕರೇ ಅದರ ಬೆಲೆಯನ್ನು ಕೊಡಬೇಕು.

ದಾಮೋದರದ ಕಣಿವೆಯೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಮಾರ್ಗನ್ನರು 1933ರಲ್ಲಿ ಟೆನ್ನೆಸ್ಸಿ ಕಣಿವೆಯ ಪ್ರಾಧಿಕಾರದ ಮೊದಲ ಅಧ್ಯಕ್ಷರಾದರು. ಆ ಪ್ರಾಧಿಕಾರದ ಮಾದರಿಯ ಮೇಲೆಯೇ, 1943ರ ದಾಮೋದರ ನೆರೆಯ ತರುವಾಯ ಯೋಜನೆಯು ಸಿದ್ಧವಾಗಿ, 1948ರಲ್ಲಿ ನಮ್ಮ ದಾಮೋದರ ಕಣಿವೆ ನಿಗಮವು ಹುಟ್ಟಿತು. ಸ್ವತಃ ಮಾರ್ಗನ್ನರೂ 1948–49ರಲ್ಲಿ ಡಾಕ್ಟರ್ ರಾಧಾಕೃಷ್ಣನ್ನರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಸದಸ್ಯರಾಗಿ ನಮ್ಮ ದೇಶಕ್ಕೆ ಬಂದು ದುಡಿದವರು. ದಾಮೋದರದಲ್ಲಿ ನಿಗಮವು ಕಟ್ಟಿದುದು ಯೋಜನೆಯಲ್ಲಿದ್ದ ಅಣೆಕಟ್ಟುಗಳ ಪೈಕಿ ನಾಲ್ಕನ್ನು ಮಾತ್ರ. ಮೈಥಾನ್ ಮತ್ತು ಪಂಚೇತ್ ಜಲಾಶಯಗಳಲ್ಲಿ ಕಟ್ಟೆಯು ಎತ್ತರವಾಗಿ ಎದ್ದುನಿಂತರೂ, ನೀರು ನಿಲ್ಲಬೇಕಾದ ಮೇಲ್ಮಟ್ಟದ ನೆಲವನ್ನು ಪೂರ್ತಿಯಾಗಿ ಸ್ವಾಧೀನಪಡಿಸಿಕೊಳ್ಳದ ಕಾರಣ ನೆರೆಗಾಗಿ ಉದ್ದೇಶಿಸಿದ ಸ್ಥಳವೆಲ್ಲವೂ ನೆರೆಗೆ ದೊರೆಯಲಿಲ್ಲ. ಕಲ್ಲು ಗಾರೆಗೆ ಕೋಟಿಗಳನ್ನು ಸುರಿದು ನೆಲಕ್ಕೆ ಕೈ ಹಿಡಿದುದರ ಫಲವಿದು. ಟೆನ್ನೆಸ್ಸಿಯಿಂದ ನಾವು ಕಟ್ಟೆಯನ್ನು ತಂದೆವು. ಮಯಾಮಿ ಕಣಿವೆಯ ಕ್ರಯಪತ್ರವನ್ನು ತರಲು ಮರೆತೆವು.

ಇನ್ನು ಕರ್ನಾಟಕದ ಮಾತು. ಕೃಷ್ಣೆಯು ಗ್ರೇಟ್ ಮಯಾಮಿಯಂತೆ ಸಣ್ಣ ಹೊಳೆಯಲ್ಲ. ನಮ್ಮ ಮಳೆಯು ನಾಲ್ಕು ತಿಂಗಳುಗಳಲ್ಲಿ ಬಂದು ಮುಗಿಯತಕ್ಕದ್ದು. ಆ ನೀರನ್ನು ಹಿಡಿದಿಡದಿದ್ದರೆ ಬೇಸಗೆಯಲ್ಲಿ ಹೊಲಕ್ಕೂ ಇಲ್ಲ, ಬಾಯಿಗೂ ಇಲ್ಲ. ಆದಕಾರಣ ಬರಿದಾದ ಅಣೆಕಟ್ಟುಗಳನ್ನೇ ನಮ್ಮಲ್ಲಿಯೂ ಸಾಲಾಗಿ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ಜಲಾಶಯದಿಂದ ಬರವನ್ನೂ ನೆರೆಯನ್ನೂ ನಿವಾರಿಸಬೇಕೆಂದರೆ ಆ ಎರಡು ಉದ್ದೇಶಗಳಿಗೆ ಪರಸ್ಪರ ವಿರೋಧವಿದೆಯೆಂಬುದನ್ನಾದರೂ ಒಪ್ಪಬೇಕು. ಬರದ ಭಯವು ಬೇಗ ತುಂಬು ಎನ್ನುತ್ತದೆ. ನೆರೆಯ ಭಯವು ಸ್ವಲ್ಪ ಬರಿದಾಗಿರು ಎನ್ನುತ್ತದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯವು ಕೆಲವೇ ದಿನಗಳಲ್ಲಿ ತುಂಬಿದುದನ್ನೂ, ಅಲ್ಲಿಂದ ಬಿಟ್ಟ ನೀರು ಮಲಪ್ರಭೆಯ ಕೆಳದಂಡೆಯ ಊರುಗಳನ್ನು ಮುಳುಗಿಸಿದುದನ್ನೂ ಜನರು ಮರೆತಿಲ್ಲ. ಯಾವ ತಿಂಗಳಿನಲ್ಲಿ ಎಷ್ಟು ಮಟ್ಟದವರೆಗೆ ತುಂಬತಕ್ಕದ್ದು, ಎಷ್ಟನ್ನು ನೆರೆಗೆ ಬಿಟ್ಟಿಡತಕ್ಕದ್ದು ಎಂಬ ನಿಯಮವನ್ನು ಸಾರ್ವಜನಿಕರ ಮುಂದಿಟ್ಟು, ಪ್ರತಿವರ್ಷವೂ ಅದನ್ನು ಪಾಲಿಸಿದ ಲೆಕ್ಕವನ್ನು ಶಾಸನಸಭೆಗೆ ಒಪ್ಪಿಸಲು ಇಲಾಖೆಗೆ ಅಡ್ಡಿಯೇನು?

ಜಲಾಶಯದ ಬಾಗಿಲಿನಷ್ಟೇ ಮುಖ್ಯವಾದುದು ಅದರ ಕೆಳಗಣ ನದಿಯ ಪಾತ್ರ. ಮೇಲೆ ಅಣೆಕಟ್ಟು ಆದಮೇಲೆ ಮಲಪ್ರಭೆಯು ಅನೇಕ ವರ್ಷ ಸೊರಗಿ ಹರಿಯಿತು. ಸೊರಗಿದ ನದಿಯ ಇಕ್ಕೆಲಗಳಲ್ಲಿಯೂ ಒತ್ತುವರಿ ಬೆಳೆಯಿತು. ಪಾತ್ರದೊಳಗೇ ಜಾಲಿ ಬೆಳೆಯಿತು, ಕಬ್ಬು ಬೆಳೆಯಿತು. ಹರವಾಗಿದ್ದ ಹೊಳೆಯು ಹಳ್ಳದಂತಾಗಿರುವಾಗ ಮೇಲಿನಿಂದ ಪೂರ್ತಿ ನೀರು ಬಂದರೆ ಅದು ಊರಿನ ಬೀದಿಯನ್ನಲ್ಲದೆ ಬೇರೆ ಯಾವ ದಾರಿಯನ್ನು ಹಿಡಿಯಬೇಕು? ಬೆಂಗಳೂರಿನಲ್ಲಿಯೂ ಇದೇ ಕಥೆ. ಒಂದು ಕೆರೆಯ ಕೋಡಿಯ ನೀರು ಇನ್ನೊಂದು ಕೆರೆಗೆ ಹೋಗಲೆಂದು ಹಿಂದಿನವರು ಉಳಿಸಿಟ್ಟ ರಾಜಕಾಲುವೆಗಳನ್ನು ನುಂಗಿ ಕಟ್ಟಿದ ಬಡಾವಣೆಗಳ ಶ್ರೀಮಂತರನ್ನು 2022ರ ಸೆಪ್ಟೆಂಬರಿನಲ್ಲಿ ಟ್ರಾಕ್ಟರುಗಳ ಮೇಲೆ ಹೊರತರಬೇಕಾಯಿತು. ಕೋಡಿಹಳ್ಳದಲ್ಲಿ ಮನೆ ಕಟ್ಟಬಾರದೆಂಬುದು ನಮ್ಮ ಹಳ್ಳಿಯ ಓದುಬರಹವಿಲ್ಲದ ಹಿರಿಯನಿಗೂ ತಿಳಿದಿದ್ದ ವಿದ್ಯೆ. ಅದನ್ನು ನಾವು ಪದವಿಗಳನ್ನು ಪಡೆದು ಮರೆತೆವು.

ಈ ವಿಷಯದಲ್ಲಿ ಕಾನೂನಿನ ದಾರಿಯು ತಿಳಿಯದೆಂದು ಸರಕಾರದವರು ಹೇಳುವಂತಿಲ್ಲ. ಕೇಂದ್ರ ಸರಕಾರವು 1975ರಲ್ಲಿಯೇ ನೆರೆಬಯಲಿನ ವಲಯೀಕರಣಕ್ಕಾಗಿ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಿತು. ನದಿಯ ಬಯಲನ್ನು ಅಳೆದು, ಆಸ್ಪತ್ರೆ, ವಿದ್ಯುತ್ ಕೇಂದ್ರ ಮೊದಲಾದುವು ನೂರು ವರ್ಷಗಳಿಗೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ವಾಸದ ಮನೆಗಳು ಇಪ್ಪತ್ತೈದು ವರ್ಷಗಳಿಗೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ತಗ್ಗಿನ ನೆಲವನ್ನು ಉದ್ಯಾನಗಳಿಗೂ ಆಟದ ಬಯಲುಗಳಿಗೂ ಬಿಡಬೇಕು ಎಂಬುದು ಅದರೊಡನೆ ಸೂಚಿಸಿದ ಕ್ರಮ. ಮಣಿಪುರವು 1978ರಲ್ಲಿ, ರಾಜಸ್ಥಾನವು 1990ರಲ್ಲಿ, ಜಮ್ಮು-ಕಾಶ್ಮೀರವು 2005ರಲ್ಲಿ, ಉತ್ತರಾಖಂಡವು 2012ರಲ್ಲಿ ಇಂಥ ಶಾಸನಗಳನ್ನು ಮಾಡಿದವು. ಕಾನೂನು ಮಾಡಿದ ಮಾತ್ರಕ್ಕೆ ಅಲ್ಲಿ ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು. ಆದರೆ ಕೃಷ್ಣೆ, ಕಾವೇರಿಗಳಂಥ ನದಿಗಳ ನಾಡಾದ ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿಲ್ಲವೆಂಬುದು ವಿಷಾದದ ಸಂಗತಿ.

ನಮ್ಮ ಸೂಚನೆಗಳು ಇಷ್ಟೇ. ಮೊದಲನೆಯದಾಗಿ, ಮಲಪ್ರಭೆ ಮತ್ತು ಘಟಪ್ರಭೆಗಳಂಥ, ಬಹುಭಾಗ ನಮ್ಮ ರಾಜ್ಯದೊಳಗೇ ಹರಿಯುವ ನದಿಗಳಿಂದ ಆರಂಭಿಸಿ, 2009 ಮತ್ತು 2019ರ ನೆರೆಗಳು ಮುಟ್ಟಿದ ಗೆರೆಯನ್ನು ಊರೂರಿನಲ್ಲಿಯೂ ಕಲ್ಲು ನೆಟ್ಟು ಗುರುತಿಸಿ, ಆ ನಕ್ಷೆಯನ್ನು ತಲಾಠಿಯ ಚಾವಡಿಯಲ್ಲಿಯೂ ಉಪನೋಂದಣಿ ಕಚೇರಿಯಲ್ಲಿಯೂ ಜನರು ನೋಡುವಂತೆ ಇಡತಕ್ಕದ್ದು. ಎರಡನೆಯದಾಗಿ, ಆ ಗೆರೆಯೊಳಗಿನ ಬೇಸಾಯವನ್ನು ಮುಂದುವರಿಸಗೊಟ್ಟು, ಹೊಸ ವಾಸದ ಮನೆಗಳನ್ನು ತಡೆದು, ನಿರ್ಬಂಧದಿಂದ ನಷ್ಟ ಹೊಂದುವ ಪಟ್ಟಾದಾರನಿಗೆ ಒಮ್ಮೆಗೇ ಬೆಲೆಯನ್ನು ಕೊಟ್ಟು, ಅದನ್ನು ಪಹಣಿಯಲ್ಲಿ ದಾಖಲಿಸತಕ್ಕದ್ದು. ಪ್ರತಿ ನೆರೆಯ ತರುವಾಯವೂ ಪರಿಹಾರವೆಂದು ಚೆಲ್ಲುವ ಹಣದಲ್ಲಿ ಒಂದು ಪಾಲನ್ನು ಇದಕ್ಕಾಗಿ ತೆಗೆದಿಟ್ಟರೆ ಅದು ವ್ಯರ್ಥವಾಗದು. ಮೂರನೆಯದಾಗಿ, ಊರನ್ನು ಸ್ಥಳಾಂತರಿಸುವುದಾದರೆ ಆಸ್ಬಾರ್ನಿನವರು ಮಾಡಿದಂತೆ ಊರಾಗಿಯೇ ಸ್ಥಳಾಂತರಿಸತಕ್ಕದ್ದು. 2009ರ ತರುವಾಯ ಆಸರೆ ಯೋಜನೆಯಲ್ಲಿ ಕಟ್ಟಿದ ಮನೆಗಳಿಗೆ ಕೆಲವೆಡೆ ಜನರು ಹೋಗಲೊಪ್ಪಲಿಲ್ಲ. ಹೊಲವೊಂದು ಕಡೆ, ಮನೆಯೊಂದು ಕಡೆ, ದನ ಕಟ್ಟಲು ಕೊಟ್ಟಿಗೆಯಿಲ್ಲ, ಮೇವು ಒಟ್ಟಲು ಹಿತ್ತಲಿಲ್ಲ ಎಂದಾದರೆ ಒಕ್ಕಲಿಗನು ಹೋಗುವುದಾದರೂ ಹೇಗೆ? ಅವನನ್ನು ಹಟಮಾರಿಯೆಂದು ಹಳಿಯುವ ಮೊದಲು ನಕ್ಷೆ ಬರೆದವರು ಅವನ ಅಂಗಳವನ್ನು ಕಂಡಿದ್ದರೇ ಎಂದು ವಿಚಾರಿಸಬೇಕು.

ನಾಲ್ಕನೆಯದಾಗಿ, ನದಿಯೋಜನೆಗಳಿಗೆ ಸಲಹೆಗಾರ ಕಂಪೆನಿಗಳನ್ನು ಗೊತ್ತುಮಾಡುವ ರೀತಿಯೇ ಬದಲಾಗಬೇಕು. ಕಡಿಮೆ ದರ ಬರೆದವನಿಗೆ ಕೆಲಸವನ್ನು ಕೊಟ್ಟು, ಮೂರು ತಿಂಗಳೊಳಗೆ ವರದಿಯನ್ನು ಬೇಡಿ, ಕಟ್ಟಡವನ್ನೇ ಶಿಫಾರಸು ಮಾಡಬೇಕೆಂದು ಮೊದಲೇ ಸೂಚಿಸಿದರೆ ದೊರೆಯುವುದು ಲೆಕ್ಕಾಚಾರವಲ್ಲ, ಮುಖಸ್ತುತಿ. ಡೇಟನ್ನಿನ ಪೌರರು ಕಂಪೆನಿಗೆ ಕೊಟ್ಟುದು ಹಣವನ್ನು ಮಾತ್ರವಲ್ಲ. ಕಾಲವನ್ನೂ, ಅಪ್ರಿಯವನ್ನು ಹೇಳುವ ಸ್ವಾತಂತ್ರ್ಯವನ್ನೂ ಕೊಟ್ಟರು. ಕಂಪೆನಿಯೂ ತನ್ನ ಅಂಕಿಸಂಖ್ಯೆಗಳನ್ನು ಮುಚ್ಚಿಡದೆ ಸಂಪುಟಗಳಲ್ಲಿ ಅಚ್ಚುಹಾಕಿ ಲೋಕದ ಪರೀಕ್ಷೆಗೆ ಒಡ್ಡಿತು. ನಮ್ಮಲ್ಲಿ ಸಾರ್ವಜನಿಕ ಹಣದಿಂದ ಬರೆಯಿಸಿದ ಎಷ್ಟು ವರದಿಗಳು ಸಾರ್ವಜನಿಕರ ಕಣ್ಣಿಗೆ ಬಿದ್ದಿವೆ?

ಕೊನೆಯದಾಗಿ, ಕೃಷ್ಣೆಯ ಮುಖ್ಯ ಪಾತ್ರದ ವಿಷಯ. ಸಾಂಗ್ಲಿ ಕೊಲ್ಹಾಪುರಗಳಲ್ಲಿ ನೀರೇರಿದರೆ ಆಲಮಟ್ಟಿಯೇ ಕಾರಣವೆಂದು ಮಹಾರಾಷ್ಟ್ರದಲ್ಲಿ ಕೂಗೆದ್ದಿತು. 2019ರ ನೆರೆಯನ್ನು ಕುರಿತು ಆ ರಾಜ್ಯದವರೇ ನೇಮಿಸಿದ ವಡನೇರೆ ಸಮಿತಿಯು 2020ರಲ್ಲಿ ಆಲಮಟ್ಟಿಯು ಅದಕ್ಕೆ ಕಾರಣವಲ್ಲವೆಂದು ಹೇಳಿದರೂ ಕೂಗು ನಿಂತಿಲ್ಲ. ನಮ್ಮ ಕಡೆಯಲ್ಲಿ ಕೊಯ್ನೆಯಿಂದ ನೀರು ಬಿಟ್ಟರೆಂಬ ದೂರು. ನೀರಿನ ಪಾಲನ್ನು ಹಂಚುವುದಕ್ಕೆ ನ್ಯಾಯಾಧಿಕರಣಗಳಿವೆ. ನೆರೆಯ ಹೊಣೆಯನ್ನು ಹಂಚುವುದಕ್ಕೆ ಯಾವ ಪೀಠವೂ ಇಲ್ಲ. ಒಂಬತ್ತು ಕೌಂಟಿಗಳ ನ್ಯಾಯಾಧೀಶರು ಒಂದೇ ಮೇಜಿನ ಸುತ್ತ ಕುಳಿತು ಒಂದು ಹೊಳೆಯನ್ನು ಆಳಬಹುದಾದರೆ, ಒಂದೇ ದೇಶದ ಮೂರು ನಾಲ್ಕು ರಾಜ್ಯಗಳು ಕೃಷ್ಣೆಗಾಗಿ ಹಾಗೆ ಕುಳಿತುಕೊಳ್ಳಲಾರವೇ?

ಶಾಸನಸಭೆಯ ಮುಂದೆ ನೆರೆಬಯಲಿನ ಮಸೂದೆಯೊಂದು ಬಂದರೆ ಅದನ್ನು ವಿರೋಧಿಸುವವರು ಅನೇಕರು ಹುಟ್ಟಿಕೊಳ್ಳುವರೆಂಬುದನ್ನು ನಾವು ಬಲ್ಲೆವು. ನದೀತೀರದ ನೆಲದಲ್ಲಿ ಬಡಾವಣೆ ಮಾಡಿ ಮಾರುವವರಿಗೆ ಅದು ರುಚಿಸದು. ಪ್ರತಿವರ್ಷ ಪರಿಹಾರವನ್ನು ಹಂಚಿ ಪುಣ್ಯ ಕಟ್ಟಿಕೊಳ್ಳುವವರಿಗೂ ರುಚಿಸಲಿಕ್ಕಿಲ್ಲ. ಆದರೆ ಕೊಚ್ಚಿಹೋದ ಮನೆಯ ತಾಯಿಗೆ ಪರಿಹಾರದ ಹಣವನ್ನು ಹತ್ತು ವರ್ಷಕ್ಕೊಮ್ಮೆ ಕೊಡುವುದಕ್ಕಿಂತ, ಅವಳ ಮಕ್ಕಳು ನೀರು ಮುಟ್ಟದ ನೆಲದಲ್ಲಿ ಮಲಗುವಂತೆ ಮಾಡುವುದು ಪ್ರಜಾಸರಕಾರದ ಮೊದಲ ಧರ್ಮ. ಮುಂದಿನ ನೆರೆಯು ಯಾವ ವರ್ಷ ಬರುವುದೆಂದು ಯಾರೂ ಹೇಳಲಾರರು. ಬರುವುದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಅದರ ಮೊದಲು ನದಿಯ ಪಾಲಿನ ನೆಲವನ್ನು ಅಳೆದು ಗೆರೆ ಎಳೆಯುವ ಕೆಲಸವನ್ನು ಸರಕಾರವು ಈ ಅಧಿವೇಶನದಲ್ಲಿಯೇ ಕೈಕೊಳ್ಳಲಿ. ಜನರೂ ತಮ್ಮ ಪ್ರತಿನಿಧಿಗಳನ್ನು ಇದರ ಬಗ್ಗೆ ಕೇಳದೆ ಬಿಡದಿರಲಿ.